ವಿಭೂತಿ ಹಚ್ಚಿದ ಕ್ಲಚ್ ಪ್ಲೇಟು

ಬಾಗೂರು
12-1-2025

ಲೇ ನಜೀರಾ,

ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿದರೂ ಬರೀ ವಾಸನೆ ಹಿಡಿದು ಯಾವ ದೇಶದ ಗಾಡಿಯ ಗೇರ್ ಬಾಕ್ಸನ್ನಾದರೂ ಬಿಚ್ಚಿ ಜೋಡಿಸಬಲ್ಲ ಮನುಷ್ಯ ಇಡೀ ಏಷ್ಯಾ ಖಂಡದಲ್ಲಿ ಒಬ್ಬನೇ ಇದ್ದಾನೆ. ಅವನು ಹೊಸದುರ್ಗ ತಾಲ್ಲೂಕಿನ ಬಾಗೂರಿನಲ್ಲಿದ್ದಾನೆ. ಏಳನೇ ಕ್ಲಾಸಿನವರೆಗೆ ನಿನ್ನ ಪಕ್ಕದಲ್ಲೇ ಕೂತು ನಿನ್ನ ಸ್ಲೇಟು ನೋಡಿಕೊಂಡು ಬರೆದಿದ್ದಾನೆ. ಹೋದ ತಿಂಗಳು ಜಪಾನಿನಿಂದ ಇಬ್ಬರು ಎಂಜಿನಿಯರುಗಳು ಅವನನ್ನು ಕಾಣಲೆಂದೇ ಬಂದಿದ್ದರು. ನಾನು ಹೊಲದಲ್ಲಿದ್ದೆ, ಪಾಪ, ಹಾಗೇ ವಾಪಸ್ ಹೋದರು.

ನೀನು ನನ್ನ ನಂಬರನ್ನು ಬ್ಲಾಕ್ ಮಾಡಿ ಹನ್ನೊಂದು ತಿಂಗಳಾಯಿತು. ಅಂಚೆಯವನನ್ನು ಬ್ಲಾಕ್ ಮಾಡುವ ಬಟನ್ನನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಅದಕ್ಕೇ ಈ ಕಾಗದ.

ನಮ್ಮಕ್ಕನ ಮಗಳು ದಾಕ್ಷಾಯಿಣಿ ಗೊತ್ತಲ್ಲ, ಹೊಳಲ್ಕೆರೆಯಲ್ಲಿ ಕೃಷಿ ಇಲಾಖೆಯ ಕೆಲಸ. ಎರಡು ವರ್ಷದ ಹಿಂದೆ ಸ್ವಂತ ಸಂಬಳದಲ್ಲಿ ಒಂದು ಹಳೆಯ ಸ್ಪೋರ್ಟ್ಸ್ ಕಾರು ತಗೊಂಡಳು. ಕೆಂಪು ಬಣ್ಣ, ಎರಡೇ ಸೀಟು, ಮೇಲಿನ ಮುಚ್ಚಳ ಬಿಚ್ಚಿದರೆ ಆಕಾಶ. ಒಳಗೆ ಕೂತರೆ ಎದುರು ಬರುವ ಕುರಿಯೂ ನಿನ್ನನ್ನು ಮೇಲಿನಿಂದ ನೋಡುತ್ತದೆ, ನೆಲಕ್ಕೆ ಅಷ್ಟು ಹತ್ತಿರ. ಬರುವ ಮಾರ್ಚ್ ಎಂಟಕ್ಕೆ ಹೆಣ್ಣುಮಕ್ಕಳ ಕಾರ್ ರ‍್ಯಾಲಿ ಇದೆಯಂತೆ, ಚಿತ್ರದುರ್ಗದಿಂದ ಹಿರಿಯೂರಿನ ಮೇಲೆ ವಾಣಿವಿಲಾಸ ಸಾಗರಕ್ಕೆ. ಇವಳು ಮೊದಲ ದಿನವೇ ಹೆಸರು ಕೊಟ್ಟಳು, ಅದೇ ವಾರ ಕಾರಿನ ಕ್ಲಚ್ಚು ಹೋಯಿತು. ಹೊಸ ಸಾಮಾನೇನೋ ತರಿಸಿದಳು. ಆದರೆ ಹಾಕಿಕೊಡಬೇಕಾದ ಗ್ಯಾರೇಜಿನವರು ಎರಡು ತಿಂಗಳು ಕಾಯಿರಿ ಅಂದರು. ಹುಡುಗಿಯ ಮುಖ ಸಣ್ಣದಾಯಿತು. ನಾನು ಅಲ್ಲೇ ಎಲ್ಲರ ಮುಂದೆ ಹೇಳಿಬಿಟ್ಟೆ, “ಏ ಬಿಡವ್ವ, ಮಾಮ ಇಲ್ವಾ? ಮನೇಲೇ ಹಾಕ್ತೀನಿ. ಒಂದ್ ದಿನದ ಕೆಲ್ಸ.”

ಹಾಕಿದೆ. ಒಂದೇ ದಿನ. ಕೈಯಿಂದ ಹೋದದ್ದು ಐನೂರು ರೂಪಾಯಿ, ಅದರಲ್ಲೂ ನೂರು ಮಂಡಕ್ಕಿ ಮೆಣಸಿನಕಾಯಿಗೆ.

ನಿನಗೆ ಬರೆದದ್ದು ಬೇರೆ ಕಾರಣಕ್ಕೆ. ಪಕ್ಕದ ಮನೆ ರಂಗಯ್ಯನಿಗೆ ಒಂದು ಸಣ್ಣ ಅನುಮಾನ. ಹೊಸ ಕ್ಲಚ್ಚು ಹಾಕಿದ ಮೇಲೂ ಎಂಜಿನ್ ಚಾಲೂ ಇದ್ದಾಗ ಗೇರು ಬೀಳದೆ ಕರಕರ ಅಂದರೆ, ಪೆಡಲ್ ಒತ್ತಿದಾಗ ನಾಯಿ ಊಳಿಟ್ಟ ಹಾಗೆ ಸದ್ದು ಬಂದರೆ, ಏನಾಗಿರಬಹುದು? ರಂಗಯ್ಯನಿಗೆ ತಿಳಿದುಕೊಳ್ಳುವ ಆಸೆ, ಅಷ್ಟೇ.

ಶರೀಫುನ್ನೀಸಾ ಅತ್ತಿಗೆಗೆ ನಮಸ್ಕಾರ ಹೇಳು.

ನಿನ್ನ ಸ್ಲೇಟಿನ ಋಣದವನು,
ಜಂಪಣ್ಣ


ಹಿರಿಯೂರು
19-1-2025

ಶ್ರೀ ಜಂಪಣ್ಣನವರಿಗೆ,

ರಂಗಯ್ಯನವರ ಹತ್ತಿರ ಇರುವುದು ಸೈಕಲ್ಲು. ಸೈಕಲ್ಲಿಗೆ ಕ್ಲಚ್ ಇರುವುದಿಲ್ಲ.

ಆದರೂ ಕೇಳಿದ್ದೀರೆಂದು ಬರೆಯುತ್ತಿದ್ದೇನೆ. ರಂಗಯ್ಯನವರು ಇಷ್ಟಕ್ಕೆ ಉತ್ತರ ಕೊಡಲಿ. ಪ್ಲೇಟನ್ನು ಸರಿಯಾಗಿ ನಡುವಿಗೆ ಕೂರಿಸಲು ಏನು ಬಳಸಿದರು? ಬೇರಿಂಗ್ ಹೊಸದು ಹಾಕಿದರೋ ಹಳೆಯದನ್ನೇ ಹಾಕಿದರೋ? ಗೇರ್ ಬಾಕ್ಸನ್ನು ಕೆಳಗಿನಿಂದ ಎತ್ತಿದ್ದು ಯಾವುದರ ಮೇಲೆ? ಕಾರು ಈಗ ಯಾವುದರ ಮೇಲೆ ನಿಂತಿದೆ?

ನಿಮ್ಮ ಕಾಗದವನ್ನು ಶರೀಫುನ್ನೀಸಾ ಜೋರಾಗಿ ಓದಿದಳು. ನಾನು ಕೇಳಿಸಿಕೊಳ್ಳಲಿಲ್ಲ, ಕಿವಿಗೆ ಬಿತ್ತು.

ಇತಿ,
ನಜೀರ್ ಅಹಮದ್


ಬಾಗೂರು
25-1-2025

ನಜೀರಾ,

‘ನೀವು’ ಅಂತ ಬರೆದಿದ್ದೀಯಲ್ಲೋ! ನಮ್ಮೂರಿಗೆ ಬಂದ ತಹಶೀಲ್ದಾರರೂ ನನ್ನನ್ನು ಇಷ್ಟು ಮರ್ಯಾದೆಯಿಂದ ಕರೆದಿಲ್ಲ. ಓದುವಾಗ ಎದ್ದು ನಿಂತುಕೊಂಡೆ.

ಸರಿ, ರಂಗಯ್ಯನನ್ನು ಬಿಡು, ನಮ್ಮ ಕಾರೇ. ಆದರೆ ನನ್ನ ಕೆಲಸದಲ್ಲಿ ಕೊರತೆ ಹುಡುಕಬೇಡ. ಪ್ಲೇಟು ಕೂರಿಸಲು ಕಂಪನಿಯವರು ಕೊಡುತ್ತಾರಲ್ಲ ಆ ಅಸಲಿ ಕೋಲನ್ನೇ ಬಳಸಿದೆ. ಬೇರಿಂಗ್ ಹೊಚ್ಚ ಹೊಸದು. ಗೇರ್ ಬಾಕ್ಸನ್ನು ಬೋರ್‌ವೆಲ್ ಮೋಟಾರು ಎತ್ತುವ ಚೈನಿನಲ್ಲಿ ಹೂವು ಎತ್ತಿದಂತೆ ಎತ್ತಿದೆ. ಕಾರು ನಿಂತಿರುವುದು ಬಹಳ ಭದ್ರವಾದ ವಸ್ತುವಿನ ಮೇಲೆ.

ಕೆಲಸ ಶುರುಮಾಡಿದ್ದೂ ಶಾಸ್ತ್ರಪ್ರಕಾರವೇ. ಡಬ್ಬಿ ಬಿಚ್ಚಿ ಹೊಸ ಪ್ಲೇಟು ತೆಗೆದೆ. ನಮ್ಮನೆಯವಳು, ನಿನ್ನ ತಂಗಿ ಅನುಸೂಯ ಪಡಸಾಲೆಯಿಂದ ಕೂಗಿದಳು, “ಹೊಸ ಸಾಮಾನು, ಹಂಗೇ ತಗಂಡೋಗಿ ತುರುಕ್ತೀರಾ? ಹುಡುಗಿ ಓಡ್ಸೋ ಗಾಡಿ ಅದು!” ಅವಳ ಮಾತೂ ಸರಿ. ಪ್ಲೇಟನ್ನು ಮಣೆಯ ಮೇಲಿಟ್ಟು ಮೂರು ಬೆರಳಿನಲ್ಲಿ ದಪ್ಪವಾಗಿ ವಿಭೂತಿ ಎಳೆದೆ. ಕುಂಕುಮ ಉದುರಬಾರದೆಂದು ಅನುಸೂಯ ಅದನ್ನು ಹರಳೆಣ್ಣೆಯಲ್ಲಿ ಕಲಸಿ ಸುತ್ತಲೂ ಇಟ್ಟಳು. ಊದುಬತ್ತಿ, ಕಾಯಿ, ಎಲ್ಲಾ ಆಯಿತು. ಅಷ್ಟು ಲಕ್ಷಣವಾದ ಕ್ಲಚ್ ಪ್ಲೇಟನ್ನು ನಿನ್ನ ನಲವತ್ತು ವರ್ಷದ ಸರ್ವಿಸಿನಲ್ಲಿ ನೀನು ನೋಡಿರಲಾರೆ.

ಹೀಗಿದ್ದೂ ಗೇರು ಬೀಳುತ್ತಿಲ್ಲ. ಕಾರಿನಲ್ಲೇ ಏನೋ ದೋಷವಿದೆ.

ಇಂತಿ ನಿನ್ನ,
(‘ನೀವು’ ಅನ್ನಿಸಿಕೊಂಡ) ಜಂಪಣ್ಣ


ಹಿರಿಯೂರು
1-2-2025

ಶ್ರೀ ಜಂಪಣ್ಣನವರಿಗೆ,

ಅಸಲಿ ಕೋಲು ಬಳಸಿದ್ದರೆ ಗೇರ್ ಬಾಕ್ಸು ತಾನಾಗಿ ಒಳಗೆ ಹೋಗುತ್ತದೆ. ಅನುಸೂಯಮ್ಮ ಹೋದ ತಿಂಗಳ ಮೊದಲಲ್ಲೇ ಶರೀಫುನ್ನೀಸಾಗೆ ಫೋನು ಮಾಡಿದ್ದರು. ಮೂರು ದಿನದಿಂದ ಮನೆಯಲ್ಲಿ ಚಪಾತಿ ಇಲ್ಲ, ಲಟ್ಟಣಿಗೆ ಕಾಣಿಸುತ್ತಿಲ್ಲ ಎಂದರಂತೆ. ಒಂದು ದಿನದ ಕೆಲಸ ಎಷ್ಟು ದಿನದ್ದು, ಕೋಲು ಯಾವುದು, ಎರಡೂ ತಿಳಿಯಿತು.

ಊಳಿಡುವುದು ಬೇರಿಂಗ್. ಹೊಸದು ಊಳಿಡುವುದಿಲ್ಲ. ಹಳೆಯದನ್ನು ಡೀಸೆಲ್ಲಿನಲ್ಲಿ ತೊಳೆದು ಹಾಕಿದ್ದೀರಿ. ತೊಳೆದರೆ ಅದರೊಳಗಿನ ಗ್ರೀಸು ಹೋಗುತ್ತದೆ. ಬೇರಿಂಗು ಪಾತ್ರೆಯಲ್ಲ.

ಇನ್ನು ಪೂಜೆ. ನನ್ನ ಅಂಗಡಿಯಲ್ಲೂ ಆಯುಧಪೂಜೆಗೆ ಕೆಲಸದವರು ಕುಂಕುಮ ಇಡುತ್ತಾರೆ, ನಾನೇ ಹೂವು ತಂದುಕೊಡುತ್ತೇನೆ. ಇಡುವುದು ಪಾನಾ ಪೆಟ್ಟಿಗೆಗೆ. ಕ್ಲಚ್ ಪ್ಲೇಟು ಉಜ್ಜಿ ಹಿಡಿಯುವ ಸಾಮಾನು, ಅದಕ್ಕೆ ಎಣ್ಣೆ ಬೆರಳೂ ತಾಕಬಾರದು. ಅದರ ಒಂದು ಮುಖ ಎಂಜಿನ್ನಿನ ಕಡೆ, ಇನ್ನೊಂದು ಗೇರ್ ಬಾಕ್ಸಿನ ಕಡೆ. ತಿರುಗುಮುರುಗಾದರೆ ಗೇರು ಬೀಳುವುದಿಲ್ಲ. ಯಾವ ಮುಖ ಯಾವ ಕಡೆ ಎಂದು ನಡುವಿನಲ್ಲಿ ಸಣ್ಣ ಅಕ್ಷರದಲ್ಲಿ ಒತ್ತಿರುತ್ತಾರೆ. ನೀವು ವಿಭೂತಿ ಎಳೆದದ್ದು ಎಲ್ಲಿ?

ಮೊದಲು ಕಾರನ್ನು ಆ ಕಲ್ಲುಗಳ ಮೇಲಿನಿಂದ ಇಳಿಸಿ. ಕಲ್ಲೇ ಎಂದು ನನಗೆ ಗೊತ್ತು. ಸ್ಟ್ಯಾಂಡ್ ಕಳಿಸಿದ್ದೇನೆ, ಬೆಳಗಿನ ಬಸ್ಸಿನ ಕಂಡಕ್ಟರ್ ಹತ್ತಿರ ಇದೆ. ಅದಾಗುವ ತನಕ ಗಾಡಿಯ ಕೆಳಗೆ ಹೋಗಬೇಡಿ.

ಇತಿ,
ನಜೀರ್ ಅಹಮದ್


ಬಾಗೂರು
9-2-2025

ನಜೀರಾ,

ಸ್ಟ್ಯಾಂಡ್ ಬಂತು. ಕಲ್ಲು ಇಳಿಸಿದೆ. ಮತ್ತೆ ಎಲ್ಲವನ್ನೂ ಬಿಚ್ಚಿದೆ.

ಪ್ಲೇಟು ಹೊರಗೆ ತೆಗೆದು ಒರೆಸಿದಾಗ ಅನುಸೂಯ ಕನ್ನಡಕ ಹಾಕಿಕೊಂಡು ಬಗ್ಗಿದಳು. “ಏನೋ ಬರ್ದೈತೆ ನೋಡ್ರಿ ಇಲ್ಲಿ, ಇಂಗ್ಲಿಷ್ನಾಗೆ.”

“ಎಲ್ಲಿ?”

“ನೀವು ಎಳ್ದಿದ್ರಲ್ಲ ವಿಭೂತಿ, ಅದ್ರ ಅಡೀಗೆ.”

ಇತ್ತು, ನಜೀರಾ. ಫ್ಲೈವೀಲ್ ಸೈಡ್ ಅಂತ. ಎಂಜಿನ್ನಿನ ಕಡೆ ಇರಬೇಕಾದ ಮುಖ. ನಾನು ಮೂರು ಗೆರೆಯನ್ನೂ ಸರಿಯಾಗಿ ಆ ಅಕ್ಷರದ ಮೇಲೇ ಎಳೆದಿದ್ದೆ, ಒಂದಕ್ಷರ ಬಿಡದ ಹಾಗೆ. ಆಮೇಲೆ ಲಕ್ಷಣವಾದ ಮುಖ ನಮ್ಮ ಕಡೆ ಕಾಣಲಿ ಎಂದು ತಿರುಗಿಸಿ ಹಾಕಿದ್ದೆ. ಅನುಸೂಯ ಒಳಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಡುಗೆಮನೆಯ ತಟ್ಟೆಗಳ ಸದ್ದಿನಲ್ಲೂ ಕೇಳಿಸಿತು.

ಪ್ಲೇಟು ತಿರುಗಿಸಿದೆ. ಹೊಸ ಬೇರಿಂಗ್ ತರಿಸಿದೆ. ಲಟ್ಟಣಿಗೆ ಒಪ್ಪಿಸಿದೆ, ಅದನ್ನವಳು ಇನ್ನೂ ಹಿತ್ತಲಲ್ಲಿ ಒಣಗಿಸುತ್ತಿದ್ದಾಳೆ. ಗೇರು ಬಿತ್ತು! ನಮ್ಮ ಬೀದಿಯಲ್ಲಿ ಎರಡು ಸುತ್ತು ಹೊಡೆದೆ. ಆ ಹುಮ್ಮಸ್ಸಿನಲ್ಲಿ ದೇವರಿಗೂ ತೋರಿಸಿ ಬರೋಣ ಎಂದು ಹೊರಕೆರೆದೇವಪುರಕ್ಕೆ ಹೊರಟೆ. ದಾರಿಯ ಏರಿನಲ್ಲಿ ಎಂಜಿನ್ ಜೋರಾಗಿ ಕಿರುಚುತ್ತದೆ, ಕಾರು ಮಾತ್ರ ಕದಲುವುದಿಲ್ಲ. ಸುಟ್ಟ ವಾಸನೆ. ಯಾರೋ ನಾಲ್ಕು ಜನ ದೇವಸ್ಥಾನಕ್ಕೆ ಹೋಗುತ್ತಿದ್ದವರು ತಳ್ಳಿದರು. ಒಬ್ಬ ಕೇಳಿದ, “ಯಜಮಾನ್ರೆ, ಇದು ಓಡೋ ಕಾರಾ, ತಳ್ಳೋ ಕಾರಾ?” ಎಣ್ಣೆ ಕುಡಿದ ಪ್ಲೇಟು ಹಿಡಿಯಲು ಒಪ್ಪುತ್ತಿಲ್ಲ, ಅಷ್ಟು ನನಗೂ ಅರ್ಥವಾಯಿತು. ಇನ್ನೊಂದು ಮಾತು. ಉದ್ದದ ಬೋಲ್ಟು, ಗಿಡ್ಡ ಬೋಲ್ಟು ಎಲ್ಲವನ್ನೂ ಒಂದೇ ಚಟ್ನಿಪುಡಿ ಡಬ್ಬಿಗೆ ಹಾಕಿದ್ದೆ. ಗಿಡ್ಡದರ ತೂತಿಗೆ ಉದ್ದದ್ದನ್ನು ತಿರುಗಿಸಿ ಗೇರ್ ಬಾಕ್ಸಿನ ಒಂದು ಕಿವಿ ಸೀಳಿದೆ.

ಖರ್ಚು ಜಾಸ್ತಿಯೇನಿಲ್ಲ. ನಾಲ್ಕು ಸಾವಿರ. ನನ್ನ ಆರೋಗ್ಯವೂ ಸುಧಾರಿಸಿದೆ, ಈಗ ಡೈರಿಗೆ ನಡೆದುಕೊಂಡೇ ಹೋಗುತ್ತೇನೆ.

ಒಂದು ಸಲ ಬಂದು ನೋಡಿ ಹೋಗೋ. ಇನ್ನು ಇರುವುದು ನಾಲ್ಕೇ ವಾರ.

ನಿನ್ನ,
ಜಂಪಣ್ಣ


ಹೊಳಲ್ಕೆರೆ
13-2-2025

ಪ್ರೀತಿಯ ಮಾಮನಿಗೆ,

ಫೋನು ಮಾಡಿದರೆ ‘ಕಾರು ಕುದುರೆ ಇದ್ದಂಗೈತವ್ವ’ ಎನ್ನುತ್ತೀರಿ. ಮರುಪ್ರಶ್ನೆ ಕೇಳಿದರೆ ನೆಟ್‌ವರ್ಕ್ ಹೋಗುತ್ತದೆ. ಅದಕ್ಕೆ ಕಾಗದ ಬರೆಯುತ್ತಿದ್ದೇನೆ, ಇದರ ಮಧ್ಯೆ ನೆಟ್‌ವರ್ಕ್ ಹೋಗುವುದಿಲ್ಲ.

ನಿನ್ನೆ ನಮ್ಮ ಆಫೀಸಿಗೆ ತೊಗರಿ ಬೀಜ ಕೇಳಲು ಹೊರಕೆರೆದೇವಪುರದ ರೈತರೊಬ್ಬರು ಬಂದಿದ್ದರು. ತಾವು ಒಂದು ಕೆಂಪು ಕುದುರೆಯನ್ನು ಏರಿನಲ್ಲಿ ತಳ್ಳಿದ ಕಥೆಯನ್ನು ಎಲ್ಲರಿಗೂ ಹೇಳಿ ನಗಿಸಿದರು. ನಾನೂ ನಕ್ಕೆ. ಕಾರು ನನ್ನದೆಂದು ಹೇಳಲಿಲ್ಲ.

ಸಿಟ್ಟಿಲ್ಲ ಮಾಮ. ನಾನು ಈ ಕಾರು ತಗೊಂಡಾಗ ಮನೆಯಲ್ಲಿ ಎಲ್ಲರೂ ಬೈದರು, ಮೊದಲು ಪಕ್ಕದ ಸೀಟಿನಲ್ಲಿ ಬಂದು ಕೂತವರು ನೀವು. ರ‍್ಯಾಲಿಯಲ್ಲಿ ನನ್ನ ನಂಬರು ಹದಿನೇಳು. ಆಫೀಸಿನಲ್ಲಿ ‘ಆಟಿಕೆ ಗಾಡಿ ವಿ.ವಿ. ಸಾಗರ ಮುಟ್ಟುತ್ತಾ ಮೇಡಂ?’ ಎಂದು ದಿನಾ ಕೇಳುತ್ತಾರೆ. ಮುಟ್ಟಬೇಕೆಂದು ನನಗೆ ಬಹಳ ಆಸೆ. ಆಗದಿದ್ದರೆ ತಿಂಗಳ ಕೊನೆಯೊಳಗೆ ಹೇಳಿಬಿಡಿ, ಹೆಸರು ವಾಪಸ್ ಪಡೆಯುತ್ತೇನೆ.

ನಜೀರ್ ಕಾಕಾ ಯಾಕೆ ಬರುತ್ತಿಲ್ಲ? ಅತ್ತೆಯನ್ನು ಕೇಳಿದರೆ ‘ನಿಮ್ಮ ಮಾಮನ್ನೇ ಕೇಳು’ ಎಂದು ಬೇರೆ ಮಾತು ತೆಗೆಯುತ್ತಾರೆ.

ನಿಮ್ಮ,
ದಾಕ್ಷಾಯಿಣಿ


ಹಿರಿಯೂರು
15-2-2025

ಶ್ರೀ ಜಂಪಣ್ಣನವರಿಗೆ,

ನಾನು ಬರುವುದಿಲ್ಲ.

ಹೋದ ವರ್ಷ ನಿಮ್ಮ ಟ್ರ್ಯಾಕ್ಟರಿನ ಕ್ಲಚ್ಚು ಹೋದಾಗ ನಾನು ಎರಡು ದಿನ ಅದರ ಕೆಳಗೆ ಮಲಗಿದ್ದೆ. ಮೂರನೇ ದಿನ ಡೈರಿಯ ಹತ್ತಿರ ನೀವು ಇಪ್ಪತ್ತು ಜನರ ಮುಂದೆ ನಿಂತು, ‘ನಾನೇ ಬಿಚ್ಚಿ ನಾನೇ ಹಾಕಿದೆ, ನಜೀರ ಟಾರ್ಚ್ ಹಿಡಿದಿದ್ದ’ ಎಂದಿರಿ. ನಾನು ನಿಮ್ಮ ಬೆನ್ನ ಹಿಂದೆಯೇ ಚಹಾ ಕುಡಿಯುತ್ತಿದ್ದೆ.

ನಿಮ್ಮ ಸುಳ್ಳುಗಳನ್ನು ಚಿಕ್ಕಂದಿನಿಂದ ಕೇಳಿದ್ದೇನೆ, ನಕ್ಕಿದ್ದೇನೆ. ನನಗೆ ಇರುವುದು ಇದೊಂದು ಕೆಲಸ. ಅದನ್ನೂ ನೀವೇ ತಗೊಂಡಿರಿ.

ಆ ಟ್ರ್ಯಾಕ್ಟರಿನ ಕ್ಲಚ್ಚು ಹಾಕಿದ್ದು ಯಾರೆಂದು ಮೊದಲು ಬರೆಯಿರಿ. ಆಮೇಲೆ ಈ ಕಾರಿನ ಮಾತು.

ನಜೀರ್ ಅಹಮದ್


ಬಾಗೂರು
20-2-2025

ನಜೀರಾ,

ನೀನು ಹಾಕಿದ್ದು. ಟಾರ್ಚ್ ಹಿಡಿದವನು ನಾನು. ಅದನ್ನೂ ಎರಡು ಸಲ ನಿನ್ನ ಮುಖದ ಮೇಲೆ ಬೀಳಿಸಿದೆ.

ಅವತ್ತು ತಿರುಗಿ ನೋಡಿದಾಗ ಕಟ್ಟೆಯ ಮೇಲೆ ನಿನ್ನ ಚಹಾದ ಗ್ಲಾಸು ಅರ್ಧ ತುಂಬಿ ಕೂತಿತ್ತು. ನಾನು ಅದನ್ನು ನೋಡಿಯೂ ಮಾತು ಮುಂದುವರಿಸಿದೆ. ಮರೆತಿಲ್ಲ.

ಕಾಗದದಲ್ಲಿ ಬರೆದರೆ ನಿನ್ನೊಬ್ಬನಿಗೆ ಗೊತ್ತಾಗುತ್ತದೆ. ಹಾಗಾಗಿ ಇವತ್ತು ಬೆಳಿಗ್ಗೆ ಅದೇ ಡೈರಿಯ ಹತ್ತಿರ, ಹಾಲು ಹಾಕಲು ಬಂದವರ ಮುಂದೆ, ಅದೇ ಜಾಗದಲ್ಲಿ ನಿಂತು ಹೇಳಿದೆ. “ಟ್ರ್ಯಾಕ್ಟರ್ ಮಾಡಿದ್ದು ನಜೀರ. ನಂಗೆ ಬೋಲ್ಟು ಯಾವ್ದು, ನಟ್ಟು ಯಾವ್ದು ಅಂತ್ಲೂ ನೆಟ್ಟಗೆ ಗೊತ್ತಿಲ್ಲ.”

ಆಮೇಲೆ ಆದದ್ದು ಕೇಳು. ಡೈರಿ ಕಾರ್ಯದರ್ಶಿ ಮಂಜಣ್ಣ ಕ್ಯಾನಿನ ಮುಚ್ಚಳ ಹಾಕುತ್ತಾ, “ಏ ಹೋಗಣ್ಣ, ಇದೂ ಒಂದು ಸುಳ್ಳು. ಏನೋ ಪ್ಲಾನೈತೆ ನಿಂದು” ಅಂದ. ಎಲ್ಲರೂ ಹೌದು ಹೌದು ಅಂದರು. ಹುಟ್ಟಿದಾಗಿನಿಂದ ಹೇಳಿದ ಸುಳ್ಳನ್ನೆಲ್ಲ ಈ ಊರು ನಂಬಿದೆ, ಒಂದೇ ಒಂದು ನಿಜ ಹೇಳಿದರೆ ನಂಬುತ್ತಿಲ್ಲ. ಆಣೆ ಇಟ್ಟೆ. ಇನ್ನೂ ಜಾಸ್ತಿ ನಕ್ಕರು.

ಕಾರಿಗಾಗಿ ಬಾ ಅನ್ನುವ ಮುಖ ನನಗಿಲ್ಲ. ದಾಕ್ಷಾಯಿಣಿಗೆ ಹೆಸರು ವಾಪಸ್ ತಗೋ ಎಂದು ನಾನೇ ಹೋಗಿ ಹೇಳುತ್ತೇನೆ, ಫೋನಿನಲ್ಲಿ ಹೇಳುವುದಿಲ್ಲ. ನೀನು ಯಾವತ್ತಾದರೂ ಈ ಕಡೆ ಬಂದರೆ ಡೈರಿಯ ಹತ್ತಿರ ಒಂದು ನಿಮಿಷ ನಿಂತು ನನ್ನ ಮಾತು ನಿಜ ಅಂತ ಹೇಳಿ ಹೋಗು. ಅಷ್ಟು ಸಾಕು.

ಜಂಪಣ್ಣ


ಹಿರಿಯೂರು
3-3-2025

ಲೇ ಜಂಪಾ,

ಇಪ್ಪತ್ತೆರಡರ ಬೆಳಿಗ್ಗೆ ನಾನು ಬಸ್ಸಿಳಿದಾಗ ನೀನು ಹೊಳಲ್ಕೆರೆಯ ಬಸ್ಸು ಹತ್ತುತ್ತಿದ್ದೆಯಲ್ಲ, ಆಗ ನಿನ್ನ ಮುಖ ನೋಡಬೇಕಿತ್ತು. ನನ್ನ ಸ್ಲೇಟು ನೋಡಿ ಬರೆದು ಮೇಷ್ಟ್ರ ಕೈಗೆ ಸಿಕ್ಕಿಬಿದ್ದ ದಿನ ಹೀಗೇ ಇತ್ತು. ಇನ್ನು ಒಂದು ನಿಮಿಷ ತಡವಾಗಿದ್ದರೆ ಆ ಹುಡುಗಿಯ ಹೆಸರು ರ‍್ಯಾಲಿಯಿಂದ ಹೋಗುತ್ತಿತ್ತು.

ಮಂಜಣ್ಣನ ಹತ್ತಿರ ನಾನು ಹೇಳಿದ್ದನ್ನೂ ಅವನು ನಂಬಲಿಲ್ಲ. ‘ಇವ್ನು ನಿಮ್ಗೂ ಹೇಳ್ಕೊಟ್ಟವ್ನಾ ಸಾಬ್ರೆ?’ ಅಂದ. ಇರಲಿ ಬಿಡು. ನಂಬದಿದ್ದರೂ ಚಹಾ ಕೊಟ್ಟ. ಈ ಸಲ ಪೂರ್ತಿ ಕುಡಿದೆ.

ಕೆಲಸದ ಮಾತು. ಕಾರಿಗೆ ಹೊಸ ಪ್ಲೇಟು ಬಿದ್ದಿದೆ, ಮೊದಲ ಐನೂರು ಕಿಲೋಮೀಟರು ಮೆಲ್ಲಗೆ ಓಡಿಸಲು ಹೇಳು. ಪೆಡಲ್ ಮೇಲೆ ಕಾಲು ಇಟ್ಟುಕೊಂಡೇ ಹೋಗಬಾರದು. ಇನ್ನು ನಿನಗೆ ಬೇರೆ ಮಾತು. ಗೇರ್ ಬಾಕ್ಸನ್ನು ಅರ್ಧ ತೂರಿಸಿ ಊಟಕ್ಕೆ ಹೋಗಬಾರದು, ಅದರ ಭಾರಕ್ಕೆ ಪ್ಲೇಟಿನ ನಡು ಬಗ್ಗುತ್ತದೆ. ನಿನ್ನ ಹಳೆಯ ಪ್ಲೇಟು ಬಗ್ಗಿದ್ದು ಹಾಗೇ. ಬೋಲ್ಟುಗಳನ್ನು ಬಿಚ್ಚಿದ ಜಾಗದ ಪ್ರಕಾರ ರಟ್ಟಿಗೆ ಚುಚ್ಚಿಡಬೇಕು. ಅನುಸೂಯಮ್ಮನಿಗೆ ಹೇಳು, ಪೂಜೆ ಬೇಡ ಎನ್ನುವುದಿಲ್ಲ, ಪ್ಲೇಟಿನ ಡಬ್ಬಿಗೆ ಮಾಡಲಿ. ನಾವು ಹೋದ ವಾರ ಮಾಡಿದ ಹಾಗೆ.

ಟಾರ್ಚ್ ಚೆನ್ನಾಗಿ ಹಿಡಿದೆ. ಬೀಳಿಸಿದ್ದು ಒಂದೇ ಸಲ.

ಇನ್ನೊಂದು. ದಾಕ್ಷಾಯಿಣಿ ಫೋನು ಮಾಡಿದ್ದಳು. ಮಾಮ ಒಟ್ಟು ಎಷ್ಟು ಕಳೆದುಕೊಂಡರು, ನಾನು ಕೊಡಬೇಕು ಎಂದಳು. ಅವಳಿಗೆ ಏನೂ ಖರ್ಚಾಗಿಲ್ಲ ಎಂದಿದ್ದೀಯ. ನನಗೆ ಮೊದಲು ಐನೂರು, ಆಮೇಲೆ ನಾಲ್ಕು ಸಾವಿರ. ನಿನ್ನ ಕೊಟ್ಟಿಗೆಯಲ್ಲಿ ಬೈಕು ಇರಲಿಲ್ಲ, ನಾನು ಕೇಳಲಿಲ್ಲ. ನಿನ್ನ ನಂಬರನ್ನು ಬ್ಲಾಕಿನಿಂದ ಬಿಡಿಸಿದ್ದೇನೆ. ಆದರೆ ಇದನ್ನು ಫೋನಿನಲ್ಲಿ ಹೇಳಬೇಡ, ಬಾಯಿ ತೆರೆದರೆ ಸುಳ್ಳೇ ಬರುತ್ತದೆ. ಬರೆದು ಕಳಿಸು. ನಿನ್ನ ಕೈ ಬಾಯಿಯಷ್ಟು ಕೆಟ್ಟಿಲ್ಲ.

ನಿನ್ನ,
ನಜೀರ


ಬಾಗೂರು
10-3-2025

ನಜೀರಾ,

ಮೊನ್ನೆ ಹಿರಿಯೂರಿನ ರಸ್ತೆ ಬದಿಯಲ್ಲಿ ಅತ್ತಿಗೆಯ ಜೊತೆ ನಿಂತು ನೀನು ಕೈ ಬೀಸಿದ್ದು ನಮಗೆ ಕಾಣಿಸಿತು. ನೀನು ನೋಡಿದ್ದು ದಾಕ್ಷಾಯಿಣಿಯನ್ನಲ್ಲ, ಎಂಜಿನ್ನಿನ ಸದ್ದನ್ನು. ತಲೆ ಒಂದು ಕಡೆ ವಾಲಿಸಿ ಕೇಳಿಸಿಕೊಳ್ಳುತ್ತಿದ್ದೆ. ಓಡಿಸುವವರು ಹೆಣ್ಣುಮಕ್ಕಳಾದರೆ ಸಾಕು ಎಂದಿದ್ದರಿಂದ ನಾನೂ ಪಕ್ಕದ ಸೀಟಿನಲ್ಲಿದ್ದೆ, ಅಲ್ಲಿಂದಲೇ ಕೂಗಿದೆ, “ಊಳಿಡ್ತಿಲ್ಲ ಕಣೋ!” ಗಾಳಿಗೆ ಕೇಳಿಸಿತೋ ಇಲ್ಲವೋ.

ಇಪ್ಪತ್ತಮೂರು ಕಾರಿನಲ್ಲಿ ನಮ್ಮ ಹುಡುಗಿ ಹನ್ನೊಂದನೆಯವಳು. ಇದು ನಿಜವಾದ ನಂಬರು, ಬೇಕಾದರೆ ಪೇಪರ್ ನೋಡು. ಅಣೆಕಟ್ಟೆಯ ಏರಿನಲ್ಲಿ ದೊಡ್ಡ ದೊಡ್ಡ ಕಾರುಗಳು ತಡವರಿಸಿದವು, ನಮ್ಮ ಆಟಿಕೆ ಒಂದೇ ಉಸಿರಿಗೆ ಹತ್ತಿತು. ಮೇಲೆ ನಿಲ್ಲಿಸಿ ಮುಚ್ಚಳ ಬಿಚ್ಚಿದಳು. ಎದುರಿಗೆ ಅಷ್ಟೂ ನೀರು. ಐದು ನಿಮಿಷ ಸುಮ್ಮನೆ ಕೂತಳು, ನಾನೂ ಕೂತೆ. ನಾನು ಸುಮ್ಮನಿದ್ದದ್ದಕ್ಕೆ ಅವಳು ತಿರುಗಿ, “ಮಾಮ, ಹುಷಾರಾಗಿದ್ದೀರಾ?” ಎಂದು ಕೇಳಿದಳು.

ಅಷ್ಟರಲ್ಲಿ ಮೈಕು ಹಿಡಿದುಕೊಂಡು ಒಬ್ಬಳು ಬಂದು, ಇಂಥ ಕಾರಿಗೆ ರಿಪೇರಿ ಯಾರು ಮಾಡುತ್ತಾರೆ ಎಂದಳು. ನಾನು ಆಗಲೇ ಎದೆ ಸೆಟೆದು ಕೂತಿದ್ದೆ, ಅಭ್ಯಾಸಬಲ. ದಾಕ್ಷಾಯಿಣಿ ನಕ್ಕು ಹೇಳಿದಳು, “ಹಿರಿಯೂರಿನ ನಜೀರ್ ಕಾಕಾ ಮಾಡಿದ್ದು. ನಮ್ ಮಾಮ ಟಾರ್ಚ್ ಹಿಡಿದಿದ್ರು.” ಟೀವಿಯಲ್ಲಿ ಬಂತಂತೆ. ಮಂಜಣ್ಣ ನೋಡಿದ್ದಾನೆ. ಈಗ ನಂಬಿದ್ದಾನೆ, ಜೊತೆಗೆ ನನ್ನನ್ನು ಟಾರ್ಚಣ್ಣ ಎಂದು ಕರೆಯಲು ಶುರುಮಾಡಿದ್ದಾನೆ. ಇಡೀ ಡೈರಿಯೇ ಕರೆಯುತ್ತಿದೆ. ಹೇಳಿದರೆ ನೀನು ನಂಬುವುದಿಲ್ಲ, ಕೆಟ್ಟದಾಗೇನೂ ಅನಿಸುತ್ತಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ಮೂರು ದಿನ ತಪ್ಪಿಸಿಕೊಂಡೆ. ಬೈಕು ಮಾರಿದೆ, ಮೈಲೇಜ್ ಕೊಡುತ್ತಿರಲಿಲ್ಲ ಎಂದು ಅನುಸೂಯಗೆ ಹೇಳಿದ್ದೇನೆ. ಅದು ಒಳ್ಳೆಯ ಮೈಲೇಜೇ ಕೊಡುತ್ತಿತ್ತು. ಹುಡುಗಿಗೆ ಹೇಳಬೇಡ, ಕೊಡಲು ಬರುತ್ತಾಳೆ. ನಾನು ಹಾಳುಮಾಡಿದ ಸಾಮಾನಿಗೆ ಅವಳು ಯಾಕೆ ಕೊಡಬೇಕು? ಎರಡನೇ ಪ್ಲೇಟು, ಸೀಳಿದ ಗೇರ್ ಬಾಕ್ಸಿನ ಕವಚ, ಏರಿನಿಂದ ಕಾರು ಹೊತ್ತು ತಂದ ಗಾಡಿಯ ಬಾಡಿಗೆ, ಹೊಸ ಲಟ್ಟಣಿಗೆ, ಎಲ್ಲಾ ಸೇರಿ, ಜಪಾನಿನ ಎಂಜಿನಿಯರುಗಳ ಆಣೆಗೂ, ಮೂವತ್ತೆರಡು ಸಾವಿರದ ನಾನೂರ ಎಪ್ಪತ್ತು ರೂಪಾಯಿ.

ನಿನ್ನ,
ಟಾರ್ಚ್ ಜಂಪಣ್ಣ